ಗೇಟು ದಾಟುವ ಖರ್ಚು

ಕ್ರೋಂಪೇಟೆಯಲ್ಲಿ ನಾನು ಬಾಡಿಗೆ ಮನೆಯಲ್ಲಿದ್ದದ್ದು 2010ರಿಂದ 2013ರವರೆಗೆ. ಚೆನ್ನೈ ವಿಮಾನ ನಿಲ್ದಾಣ ದಾಟಿ ತಾಂಬರದ ಕಡೆ ಹೋಗುವಾಗ ಪಲ್ಲಾವರದ ನಂತರ ಸಿಗುವ ಊರು ಅದು. ಜಿ.ಎಸ್.ಟಿ. ರಸ್ತೆ ಮತ್ತು ಲೋಕಲ್ ರೈಲಿನ ಹಳಿ ಅಕ್ಕಪಕ್ಕ ಓಡುತ್ತವೆ. ಊರು ಹಳಿಯ ಎರಡೂ ಬದಿಗೆ ಹರಡಿಕೊಂಡಿದೆ. ನನ್ನ ಮನೆಯಿಂದ ಆಚೆ ಬದಿಯ ತರಕಾರಿ ಅಂಗಡಿಗೆ ಐದು ನಿಮಿಷದ ನಡಿಗೆ. ಆದರೆ ನಡುವೆ ರೈಲ್ವೆ ಗೇಟು. ಬೀಚ್ ಕಡೆಗೆ ಹೋಗುವ ಲೋಕಲ್ ಬರಬೇಕು, ಎದುರಿನಿಂದ ಚೆಂಗಲ್ಪಟ್ಟಿನದು ಬರಬೇಕು, ನಡುವೆ ಒಂದು ಎಕ್ಸ್‌ಪ್ರೆಸ್ ನುಗ್ಗಬೇಕು. ಐದು ನಿಮಿಷದ ದಾರಿ ಎಷ್ಟೋ ದಿನ ಇಪ್ಪತ್ತು ನಿಮಿಷವಾಗುತ್ತಿತ್ತು.

ಒಂದು ಸಂಜೆ ಕೊತ್ತಂಬರಿ ಸೊಪ್ಪು ತಂದವನು, ತೆಂಗಿನಕಾಯಿ ಮರೆತೆನೆಂದು ಮತ್ತೆ ಚೀಲ ಹಿಡಿದು ಹೊರಟೆ. ಓನರಮ್ಮ ಮೆಟ್ಟಿಲ ಮೇಲೆ ಕೂತಿದ್ದರು. "ತಂಬಿ, ಅಂಗಡಿ ದೂರ ಅಲ್ಲ, ಗೇಟು ದೂರ. ಚೀಟಿ ಬರೆದುಕೊಂಡು ಒಂದೇ ಸಲ ಹೋಗು" ಎಂದು ತಮಿಳಿನಲ್ಲಿ ಹೇಳಿದರು. ಬ್ರೌಸರುಗಳ ಒಳಗೆ ಹದಿನೈದಿಪ್ಪತ್ತು ವರ್ಷ ನಡೆದ ದೊಡ್ಡದೊಂದು ಎಂಜಿನಿಯರಿಂಗ್ ಕಥೆಯ ಸಾರ ಆ ಮಾತಿನಲ್ಲಿತ್ತು. ಅದು ನನಗೆ ಹೊಳೆಯಲು ಒಂದು ದೂರು ಬರಬೇಕಾಯಿತು.

ಆಗ ನಾನು ಮಾಡುತ್ತಿದ್ದ ಕೆಲಸ ವೆಬ್ ಪುಟದಲ್ಲಿ ಕನ್ನಡ ಟೈಪ್ ಮಾಡುವ ಪೆಟ್ಟಿಗೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಒತ್ತಿದರೆ ಕನ್ನಡ ಅಕ್ಷರ ಮೂಡಬೇಕು, ಕೆಳಗೆ ಎಷ್ಟು ಅಕ್ಷರವಾಯಿತೆಂಬ ಲೆಕ್ಕ ತೋರಬೇಕು, ಬರೆದಂತೆ ಪೆಟ್ಟಿಗೆ ಉದ್ದವಾಗಬೇಕು. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಆದರೆ ಅದನ್ನು ಬಳಸಿದ ನಿವೃತ್ತ ಮೇಷ್ಟ್ರೊಬ್ಬರಿಂದ ಪತ್ರ ಬಂತು. ಅವರ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕು ಅಕ್ಷರ ಒತ್ತಿದ ಮೇಲೆ ಒಂದು ಮೂಡುತ್ತಿತ್ತು. ಎರಡನೇ ಪುಟ ಬರೆಯುವ ಹೊತ್ತಿಗೆ ಬೆರಳು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ತಾವು ಟೈಪಿಂಗಿನಲ್ಲಿ ನಿಧಾನವೆಂದೇ ಅವರು ಮೊದಲು ಅಂದುಕೊಂಡಿದ್ದರಂತೆ. ಆ ಸಾಲು ನನ್ನನ್ನು ಚುಚ್ಚಿತು. ತಪ್ಪು ನನ್ನದು, ನಾಚಿಕೆ ಪಟ್ಟುಕೊಂಡವರು ಅವರು.

ಹೆಸರಿನ ನಂಟು

ಕ್ರೋಂಪೇಟೆಗೆ ಆ ಹೆಸರು ಬಂದದ್ದು ಕ್ರೋಮ್ ಲೆದರ್ ಕಂಪೆನಿಯಿಂದ. ಚೇಂಬರ್ಸ್ ಎಂಬ ಇಂಗ್ಲಿಷ್ ಉದ್ಯಮಿ 1910ರ ದಶಕದಲ್ಲಿ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ನಡೆಸಿದ. ತೊಗಟೆಯ ರಸದಲ್ಲಿ ವಾರಗಟ್ಟಲೆ ನೆನೆಹಾಕುವ ಬದಲು ಕ್ರೋಮಿಯಂ ಲವಣದಲ್ಲಿ ಬೇಗ ಹದಗೊಳಿಸುವ ವಿಧಾನ ಅದು. ಮದರಾಸು ಪ್ರಾಂತ್ಯದಲ್ಲಿ ಈ ವಿಧಾನವನ್ನು ಬಳಕೆಗೆ ತಂದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದರು.

ಗೂಗಲ್ ಕ್ರೋಮ್ ಹೆಸರಿನ ಹಿಂದಿರುವುದೂ ಅದೇ ಲೋಹ, ಆದರೆ ದಾರಿ ಬೇರೆ. ಕಾರಿನ ಅಂಚಿಗೆ ಹಾಕುವ ಹೊಳೆಯುವ ಕ್ರೋಮಿಯಂ ಪಟ್ಟಿಯಿಂದಾಗಿ, ಕಂಪ್ಯೂಟರ್ ಮಂದಿ ಕಿಟಕಿಯ ಸುತ್ತಲಿನ ಗುಂಡಿ, ಪಟ್ಟಿ, ಅಂಚುಗಳನ್ನು ಒಟ್ಟಾಗಿ 'ಕ್ರೋಮ್' ಎಂದು ಕರೆಯತೊಡಗಿದ್ದರು. ಬ್ರೌಸರಿಗೆ ಆ ಹೆಸರು ಬಂದದ್ದು ಅಲ್ಲಿಂದ.

ಹೆಸರಿನ ನಂಟು ಬರೀ ಕಾಕತಾಳೀಯ. ನನ್ನ ಕಥೆಗೆ ಹೆಚ್ಚು ಸಂಬಂಧಪಟ್ಟದ್ದು ಅದೇ ಊರಿನ ಇನ್ನೊಂದು ಜಾಗ, 1949ರಲ್ಲಿ ಸಿ. ರಾಜಂ ಕಟ್ಟಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಬ್ದುಲ್ ಕಲಾಂ ಓದಿದ್ದು ಇಲ್ಲಿ. ಮುಂದೆ ಬೆಂಗಳೂರಿನ ಬಿಇಎಲ್‌ನಲ್ಲಿ ದುಡಿದ ತಮಿಳು ಲೇಖಕ ಸುಜಾತಾ ಓದಿದ್ದೂ ಇಲ್ಲಿ. ಈ ಕ್ಯಾಂಪಸಿನಲ್ಲಿರುವ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಮತ್ತು ಚೆನ್ನೈಯ ಸಿ-ಡ್ಯಾಕ್ ಸೇರಿ 2005ರಲ್ಲಿ ಮುಕ್ತ ತಂತ್ರಾಂಶಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಶುರುಮಾಡಿದವು. ಭಾರತೀಯ ಭಾಷೆಗಳಿಗೆಂದು ಸಿದ್ಧವಾದ ಬಾಸ್ ಲಿನಕ್ಸ್ ಹುಟ್ಟಿದ್ದು ಆ ಯೋಜನೆಯಿಂದ. ಕನ್ನಡದ ಕೀಲಿಯನ್ನು ಎಲ್ಲಿ ಓದಬೇಕು, ಆಪರೇಟಿಂಗ್ ಸಿಸ್ಟಮ್ಮಿನಲ್ಲೋ ವೆಬ್ ಪುಟದಲ್ಲೋ ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಎರಡು ನಾಡು, ಒಂದು ಗೇಟು

ಬ್ರೌಸರ್ ಹೊರಗಿನಿಂದ ಒಂದೇ ವಸ್ತುವಿನಂತೆ ಕಾಣುತ್ತದೆ. ಒಳಗೆ ಎರಡು ನಾಡುಗಳಿವೆ. ಪುಟವನ್ನು ಬಿಡಿಸುವುದು, ಮೌಸು-ಕೀಲಿಗಳನ್ನು ಗಮನಿಸುವುದು, ಅಕ್ಷರಗಳನ್ನು ಸಾಲಾಗಿ ಜೋಡಿಸುವುದು, ಇವೆಲ್ಲ ಹೆಚ್ಚಾಗಿ ಸಿ++ ಭಾಷೆಯಲ್ಲಿ ಬರೆದು ಮೊದಲೇ ಯಂತ್ರಭಾಷೆಗೆ ಇಳಿಸಿದ ಕೋಡ್. ಪುಟದ ಜೊತೆ ಬರುವ ಜಾವಾಸ್ಕ್ರಿಪ್ಟ್ ಇನ್ನೊಂದು ನಾಡು. ಇಲ್ಲಿ ನೆನಪಿನ ಜಾಗವನ್ನು ತಾನಾಗಿ ಗುಡಿಸುವ ವ್ಯವಸ್ಥೆ ಇದೆ, ವಸ್ತುಗಳ ರೂಪವೇ ಬೇರೆ, ತಪ್ಪಾದಾಗ ಅದನ್ನು ತಿಳಿಸುವ ರೀತಿಯೂ ಬೇರೆ.

"ಈ ಗುಂಡಿಯನ್ನು ಯಾರಾದರೂ ಒತ್ತಿದರೆ ನನ್ನನ್ನು ಕರೆ" ಎಂದು ಸ್ಕ್ರಿಪ್ಟು ಮೊದಲೇ ಹೇಳಿಟ್ಟಿರುತ್ತದೆ. ಹಾಗೆ ಹೇಳಿಟ್ಟ ಕೋಡಿಗೆ ಈವೆಂಟ್ ಹ್ಯಾಂಡ್ಲರ್ ಎಂದು ಹೆಸರು. ಗುಂಡಿ ಒತ್ತಿದ್ದು ಮೊದಲು ಗೊತ್ತಾಗುವುದು ಸಿ++ ನಾಡಿಗೆ. ಅಲ್ಲಿಂದ ಸ್ಕ್ರಿಪ್ಟನ್ನು ಕರೆಯಬೇಕಾದರೆ ಹಲವು ಕೆಲಸ ನಡೆಯಬೇಕು. ನಡೆದ ಘಟನೆಯನ್ನು ಜಾವಾಸ್ಕ್ರಿಪ್ಟಿಗೆ ಅರ್ಥವಾಗುವ ವಸ್ತುವಿನಲ್ಲಿ ಸುತ್ತಬೇಕು. ಯಾವ ಪುಟದ ಪರಿಸರದಲ್ಲಿ ಹ್ಯಾಂಡ್ಲರ್ ಓಡಬೇಕೆಂದು ಹೊಂದಿಸಬೇಕು. ಪ್ರೊಸೆಸರಿನ ರೆಜಿಸ್ಟರುಗಳನ್ನು ಉಳಿಸಿಡಬೇಕು. ಕಸ ಗುಡಿಸುವಾಗ ನಡುವಿನ ವಸ್ತುಗಳು ಹಾರಿಹೋಗದಂತೆ ಪಟ್ಟಿ ಇಡಬೇಕು. ವಾಪಸು ಬಂದ ಮೇಲೆ ಒಳಗೆ ತಪ್ಪೇನಾದರೂ ಆಯಿತೇ ಎಂದು ನೋಡಬೇಕು, ಬಾಕಿ ಉಳಿದ ಚಿಕ್ಕ ಕೆಲಸಗಳನ್ನು ಮುಗಿಸಬೇಕು. ಇಷ್ಟಕ್ಕೂ ತಗಲುವ ಸಮಯ ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಒಂದು ಸಲ ದಾಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೌಸು ಅಲ್ಲಾಡಿದಷ್ಟು ಸಲ, ಪುಟ ಸರಿದಷ್ಟು ಸಲ, ಅಕ್ಷರ ಬದಲಾದಷ್ಟು ಸಲ ದಾಟಿದರೆ, ಆಚೆ ಹೋದಾಗಲೆಲ್ಲ ಇನ್ನಷ್ಟು ಕೆಲಸ ಹುಟ್ಟಿಕೊಂಡರೆ, ಆಗ ಗೊತ್ತಾಗುತ್ತದೆ.

1995ರಲ್ಲಿ ಇದು ಯಾರ ತಲೆನೋವೂ ಆಗಿರಲಿಲ್ಲ. ಆ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪಿಗಾಗಿ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದರು. ಗುಂಡಿ ಒತ್ತಿದಾಗ ಒಂದು ಸಂದೇಶ ತೋರಿಸುವುದು, ಫಾರ್ಮಿನಲ್ಲಿ ಹೆಸರು ತುಂಬಿದ್ದಾರೆಯೇ ಎಂದು ನೋಡುವುದು, ಇಂಥ ಕೆಲಸಕ್ಕೆ ಗೇಟು ದಾಟುವುದು ದಿನಕ್ಕೊಂದು ಸಲ ಸಂತೆಗೆ ಹೋದಂತೆ. ಜೊತೆಗೆ ಸ್ಕ್ರಿಪ್ಟೇ ಎಷ್ಟು ನಿಧಾನವಾಗಿ ಓಡುತ್ತಿತ್ತೆಂದರೆ, ಗೇಟಿನ ಹೊತ್ತು ಅದರಲ್ಲಿ ಮುಚ್ಚಿಹೋಗುತ್ತಿತ್ತು.

ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಗೇಟು ಇನ್ನೂ ಭಾರದ್ದು. ಅದರ ಸ್ಕ್ರಿಪ್ಟ್ ಎಂಜಿನ್ ಪುಟ ಬಿಡಿಸುವ ಭಾಗಕ್ಕಿಂತ ಬೇರೆಯಾದ ಘಟಕ. ಎರಡೂ ಮಾತಾಡುತ್ತಿದ್ದದ್ದು ಮೈಕ್ರೋಸಾಫ್ಟಿನ ಕಾಮ್ ಎಂಬ ಸಾಮಾನ್ಯ ಒಪ್ಪಂದದ ಮೂಲಕ. ಆಚೆಯವರನ್ನು ಮೊದಲು ಹೆಸರು ಹೇಳಿ ಹುಡುಕಬೇಕು, ಸಿಕ್ಕಮೇಲೆ ಕರೆಯಬೇಕು. ಈ ಪರಿಸ್ಥಿತಿಯನ್ನು ಸುಂಕದ ಸೇತುವೆ ಇರುವ ಎರಡು ದ್ವೀಪಗಳಿಗೆ ಹೋಲಿಸಿದವರು 2009ರಲ್ಲಿ ಮೈಕ್ರೋಸಾಫ್ಟಿನದೇ ಎಂಜಿನಿಯರ್ ಒಬ್ಬರು. ಆ ಹೋಲಿಕೆ ವೆಬ್ ಕೆಲಸಗಾರರ ಬಾಯಲ್ಲಿ ಇವತ್ತಿಗೂ ಇದೆ.

2008ರಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಸೆಪ್ಟೆಂಬರಿನಲ್ಲಿ ಕ್ರೋಮ್ ಬಂತು. ಅದರೊಳಗಿನ ವಿ8 ಎಂಜಿನನ್ನು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಲಾರ್ಸ್ ಬಾಕ್ ತಂಡ ಕಟ್ಟಿತ್ತು. ಜಾವಾಸ್ಕ್ರಿಪ್ಟನ್ನು ಓಡುವಾಗಲೇ ಯಂತ್ರಭಾಷೆಗೆ ಇಳಿಸುವ ಎಂಜಿನ್ ಅದು. ಫೈರ್‌ಫಾಕ್ಸ್ ಮತ್ತು ಸಫಾರಿಯೂ ಅದೇ ಹೊತ್ತಿಗೆ ಅದೇ ದಾರಿ ಹಿಡಿದವು. ಸ್ಕ್ರಿಪ್ಟು ಹಲವು ಪಟ್ಟು ಚುರುಕಾಯಿತು. ಗೇಟು ಇದ್ದಲ್ಲೇ ಇತ್ತು. ಸೈಕಲ್ಲಿನವರಿಗೆ ಗೇಟಿನ ಹತ್ತು ನಿಮಿಷ ಅಷ್ಟಾಗಿ ಕಾಡುವುದಿಲ್ಲ, ಬೈಕಿನವರಿಗೆ ಕಾಡುತ್ತದೆ. ಎರಡೂ ಕಡೆಯ ರಸ್ತೆ ಚೆನ್ನಾದಾಗಲೇ ಗೇಟು ಕಣ್ಣಿಗೆ ಬಿದ್ದದ್ದು.

ಮೊದಲ ಉಪಾಯ: ಈಚೆಗೇ ಮನೆ ಮಾಡುವುದು

ಈ ಹೊತ್ತಿನಲ್ಲಿ ಎಂಜಿನ್ ಬರೆಯುವವರಿಗೆ ಒಂದು ವಿಚಿತ್ರ ಕಂಡಿತು. ಪಟ್ಟಿಯೊಂದರ ಪ್ರತಿ ಅಂಶಕ್ಕೂ ಬಳಕೆದಾರನ ಫಂಕ್ಷನ್ ಕರೆಯುವ ಸೌಲಭ್ಯ ಜಾವಾಸ್ಕ್ರಿಪ್ಟಿನಲ್ಲೇ ಇದೆ. ಅದನ್ನು ಸಿ++ನಲ್ಲಿ ಬರೆದರೆ ವೇಗ ಹೆಚ್ಚಬೇಕು ಎಂಬುದು ಸಾಮಾನ್ಯ ಲೆಕ್ಕ. ಆದರೆ ಸಾವಿರ ಅಂಶಗಳಿದ್ದರೆ ಸಿ++ನಿಂದ ಸ್ಕ್ರಿಪ್ಟಿಗೆ ಸಾವಿರ ಸಲ ಗೇಟು ದಾಟಬೇಕು. ಅದೇ ಕೆಲಸವನ್ನು ಜಾವಾಸ್ಕ್ರಿಪ್ಟಿನಲ್ಲೇ ಬರೆದರೆ ಎಲ್ಲವೂ ಒಂದೇ ನಾಡಿನೊಳಗೆ ಮುಗಿಯುತ್ತದೆ. ಎಂಜಿನ್ ಇಡೀ ಸುತ್ತನ್ನು ಒಟ್ಟಿಗೆ ನೋಡಿ, ಕರೆಯನ್ನೇ ಕರಗಿಸಿ ಬಿಡಬಲ್ಲದು.

ವಿ8 ಮೊದಲಿನಿಂದಲೂ ಇಂಥ ಹಲವು ಭಾಗಗಳನ್ನು ಜಾವಾಸ್ಕ್ರಿಪ್ಟಿನಲ್ಲೇ ಇಟ್ಟಿತ್ತು. ಫೈರ್‌ಫಾಕ್ಸಿನ ಎಂಜಿನ್ 2012ರ ಸುಮಾರಿಗೆ ಅದೇ ಹಾದಿಗೆ ಬಂತು. 2011ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಹೊಸ ಸ್ಕ್ರಿಪ್ಟ್ ಎಂಜಿನನ್ನು ಹೊರಗಿನ ಘಟಕವಾಗಿ ಇಡದೆ ಬ್ರೌಸರಿನ ಒಳಗೇ ಸೇರಿಸಿಕೊಂಡಿತು. ಸುಂಕದ ಸೇತುವೆಯ ಬಗ್ಗೆ ದೂರಿದವರೇ ಸೇತುವೆಯನ್ನು ಮೊಟಕು ಮಾಡಿದರು.

ಎರಡನೆಯ ಉಪಾಯ: ಚೀಟಿ ಬರೆಯುವುದು

ಆದರೆ ಎಲ್ಲ ಕೆಲಸವನ್ನೂ ಒಂದೇ ಬದಿಗೆ ತರಲಾಗದು. ಬೆರಳು ತಾಗಿದ್ದು, ಪುಟ ಸರಿದದ್ದು ಸಿ++ ಕಡೆಯ ಸುದ್ದಿ. ಅದನ್ನು ದಾಟಿಸಲೇಬೇಕು. ಎಷ್ಟು ಸಲ ಎಂಬುದಷ್ಟೇ ಪ್ರಶ್ನೆ.

ಇದರಲ್ಲಿ ಅತಿ ಕೆಟ್ಟ ಅನುಭವ ಕೊಟ್ಟದ್ದು ಮ್ಯುಟೇಶನ್ ಈವೆಂಟುಗಳು. 2000ದ ನವೆಂಬರಿನ ಡಾಮ್ ಮಾನದಂಡದಲ್ಲಿ ಬಂದ ಇವು, ಪುಟದ ಯಾವುದೇ ಭಾಗ ಬದಲಾದ ಕೂಡಲೇ ಸ್ಕ್ರಿಪ್ಟನ್ನು ಕರೆಯುತ್ತಿದ್ದವು. 'ಕೂಡಲೇ' ಎಂಬುದೇ ತೊಂದರೆ. ಸಿ++ ಕೋಡ್ ಒಂದು ಕೆಲಸದ ನಡುವೆ ಇರುವಾಗಲೇ ನಿಂತು, ಗೇಟು ದಾಟಿ, ಉತ್ತರಕ್ಕೆ ಕಾಯಬೇಕಿತ್ತು. ಆಚೆ ಹೋದ ಸ್ಕ್ರಿಪ್ಟು, ಸಿ++ ಕೈಯಲ್ಲಿ ಹಿಡಿದಿದ್ದ ಭಾಗವನ್ನೇ ಅಳಿಸಿಬಿಡಬಹುದಿತ್ತು. ಹಾಗಾಗಿ ಬ್ರೌಸರುಗಳು ಕುಸಿದವು, ಭದ್ರತೆಯ ತೂತುಗಳೂ ಕಂಡವು. ಇಂಥ ಹ್ಯಾಂಡ್ಲರ್ ಹಚ್ಚಿದ ಪುಟದಲ್ಲಿ ಮುಂದಿನ ಬದಲಾವಣೆಗಳು ಒಂದೂವರೆಯಿಂದ ಏಳು ಪಟ್ಟು ನಿಧಾನವಾಗುತ್ತವೆ, ಹ್ಯಾಂಡ್ಲರನ್ನು ತೆಗೆದರೂ ಹೋದ ವೇಗ ಮರಳುವುದಿಲ್ಲ ಎಂದು ಮೊಜಿಲ್ಲಾದ ಕೈಪಿಡಿಯೇ ಎಚ್ಚರಿಸುತ್ತಿತ್ತು.

2012ರಲ್ಲಿ ಬದಲಿಯಾಗಿ ಮ್ಯುಟೇಶನ್ ಅಬ್ಸರ್ವರ್ ಬಂತು. ಇದು ಬದಲಾವಣೆಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ನಡೆಯುತ್ತಿದ್ದ ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನು ಒಟ್ಟಾಗಿ ಸ್ಕ್ರಿಪ್ಟಿನ ಕೈಗೆ ಕೊಡುತ್ತದೆ. ನೂರು ಬದಲಾವಣೆಯಾದರೂ ದಾಟುವುದು ಒಂದೇ ಸಲ. ಓನರಮ್ಮನ ಚೀಟಿ ಅಂದರೆ ಇದೇ. ಹಳೆಯ ಮ್ಯುಟೇಶನ್ ಈವೆಂಟುಗಳನ್ನು ಕ್ರೋಮ್ ಕೊನೆಗೂ ಕಿತ್ತುಹಾಕಿದ್ದು 2024ರ ಜುಲೈನಲ್ಲಿ. ಒಂದು ತಪ್ಪು ನಿರ್ಧಾರವನ್ನು ವೆಬ್ಬಿನಿಂದ ತೆಗೆಯಲು ಸುಮಾರು ಕಾಲು ಶತಮಾನ ಹಿಡಿಯಿತು.

ಇದೇ ಪಾಠವನ್ನು ಪುಟ ಬರೆಯುವವರು ಬೇರೆ ಕಡೆಯಿಂದ ಕಲಿತರು. 2011ರ ಜನವರಿಯಲ್ಲಿ ಟ್ವಿಟರ್ ಪುಟ ಸರಿಸುವಾಗ ಎಳೆದೆಳೆದು ಓಡತೊಡಗಿತ್ತು. ಜೆಕ್ವೆರಿ ಬರೆದ ಜಾನ್ ರೆಸಿಗ್ ಒಳಗೆ ನೋಡಿ ಕಾರಣ ಹೇಳಿದರು. ಪುಟ ಸರಿದಾಗಲೆಲ್ಲ ಬರುವ ಕರೆಯೊಳಗೇ ಪುಟದ ಭಾಗಗಳನ್ನು ಹುಡುಕುವ ಭಾರದ ಕೆಲಸ ಇತ್ತು. ಕರೆ ಬಂದಾಗ 'ಸರಿದಿದೆ' ಎಂದು ಗುರುತು ಹಾಕಿ, ಕಾಲು ಸೆಕೆಂಡಿಗೊಮ್ಮೆ ಮಾತ್ರ ಕೆಲಸ ಮಾಡಿ ಎಂಬುದು ಅವರ ಸಲಹೆ. ಬ್ರೌಸರುಗಳೂ ಕ್ರಮೇಣ ಇದನ್ನು ತಮ್ಮೊಳಗೆ ತಂದುಕೊಂಡವು. 2017ರ ಕ್ರೋಮ್ 60ರಿಂದ ಮೌಸಿನ ಚಲನೆಯಂಥ ಎಡೆಬಿಡದ ಸುದ್ದಿಗಳು ಪರದೆ ಮತ್ತೆ ಬಿಡಿಸುವ ಪ್ರತಿ ಸುತ್ತಿಗೆ ಒಂದೇ ಸಲ ಸ್ಕ್ರಿಪ್ಟಿಗೆ ತಲುಪುತ್ತವೆ. ಸೆಕೆಂಡಿಗೆ 60 ಸಲ ಬಿಡಿಸುವ ಪರದೆಯಲ್ಲಿ ಆ ಸುತ್ತು ಸುಮಾರು 16.7 ಮಿಲಿಸೆಕೆಂಡು. ಅದಕ್ಕಿಂತ ಹೆಚ್ಚು ಸಲ ಹೇಳಿದರೂ ಕಣ್ಣಿಗೆ ಕಾಣುವುದು ಏನೂ ಇಲ್ಲ.

ಮೂರನೆಯ ಉಪಾಯ: ಮೊದಲೇ ಮಾತು ಕೊಡುವುದು

ಇನ್ನೊಂದು ಬಗೆಯ ಖರ್ಚಿಗೆ ಚೀಟಿ ಸಾಲದು. ಅದು ಉತ್ತರಕ್ಕೆ ಕಾಯುವ ಖರ್ಚು. ಫೋನಿನಲ್ಲಿ ಬೆರಳಿಟ್ಟು ಪುಟ ಸರಿಸುವಾಗ ಬ್ರೌಸರು ಸರಿಸಲು ಸಿದ್ಧವಿರುತ್ತದೆ. ಆದರೆ ಪುಟದಲ್ಲಿ ಸ್ಪರ್ಶದ ಹ್ಯಾಂಡ್ಲರ್ ಇದ್ದರೆ ಅದನ್ನು ಕೇಳಲೇಬೇಕು, ಏಕೆಂದರೆ 'ಸರಿಸಬೇಡ' ಎನ್ನುವ ಹಕ್ಕು ಅದಕ್ಕಿದೆ. ಸ್ಕ್ರಿಪ್ಟು ಬೇರೆ ಕೆಲಸದಲ್ಲಿ ಮುಳುಗಿದ್ದರೆ ಬೆರಳು ಸರಿದರೂ ಪುಟ ಕದಲುವುದಿಲ್ಲ.

ಆಂಡ್ರಾಯ್ಡ್ ಕ್ರೋಮಿನಲ್ಲಿ ಅಳೆದು ನೋಡಿದಾಗ ಸಿಕ್ಕ ಅಂಕಿಗಳು ಸಂಕಟದವು. ಪುಟ ಸರಿಯುವುದನ್ನು ಹೀಗೆ ಕಾಯಿಸುವ ಸ್ಪರ್ಶ ಈವೆಂಟುಗಳಲ್ಲಿ ಶೇ. 80ರಷ್ಟು ಒಮ್ಮೆಯೂ 'ಬೇಡ' ಎನ್ನುತ್ತಿರಲಿಲ್ಲ. ಶೇ. 10ರಷ್ಟು ಸಲ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುತ್ತಿತ್ತು. ನೂರರಲ್ಲಿ ಒಂದು ಸಲ ಅರ್ಧ ಸೆಕೆಂಡೋ ಅದಕ್ಕೂ ಹೆಚ್ಚೋ. ಗೇಟು ಕಾಯುವವನನ್ನು ಎಬ್ಬಿಸಿ 'ಹೋಗಲೇ?' ಎಂದು ಕೇಳುವುದು, ಅವನು ಯಾವತ್ತೂ 'ಹೋಗು' ಎನ್ನುವುದು, ಇದಕ್ಕಾಗಿ ಸಾಲಾಗಿ ನಿಲ್ಲುವುದು.

2016ರ ಕ್ರೋಮ್ 51ರಲ್ಲಿ 'ಪ್ಯಾಸಿವ್' ಎಂಬ ಗುರುತು ಬಂತು. 'ನಾನು ತಡೆಯುವುದಿಲ್ಲ, ಸುಮ್ಮನೆ ತಿಳಿಸಿದರೆ ಸಾಕು' ಎಂದು ಹ್ಯಾಂಡ್ಲರ್ ಮೊದಲೇ ಮಾತು ಕೊಡುತ್ತದೆ. ಬ್ರೌಸರು ಕಾಯದೆ ಪುಟ ಸರಿಸುತ್ತದೆ, ಸುದ್ದಿ ಆಮೇಲೆ ತಲುಪುತ್ತದೆ. ಮರುವರ್ಷ ಕ್ರೋಮ್ 56ರಲ್ಲಿ, ಇಡೀ ಪುಟಕ್ಕೆ ಹಚ್ಚಿದ ಸ್ಪರ್ಶ ಹ್ಯಾಂಡ್ಲರುಗಳು ಬೇರೇನೂ ಹೇಳದಿದ್ದರೆ ಹಾಗೆ ಮಾತು ಕೊಟ್ಟಂತೆಯೇ ಎಂದು ಬ್ರೌಸರು ತೀರ್ಮಾನಿಸಿತು. ಕೆಲವು ಹಳೆಯ ಪುಟಗಳು ಇದರಿಂದ ಕೆಟ್ಟವು, ಅವುಗಳ ಲೇಖಕರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅಗ್ಗದ ಫೋನು ಹಿಡಿದು ಅರ್ಧ ಸೆಕೆಂಡು ಕಾಯುತ್ತಿದ್ದವರು ದೂರು ಬರೆದವರಲ್ಲ. ಅವರ ಪರವಾಗಿ ಅಂಕಿಗಳು ಮಾತಾಡಿದವು.

ಕನ್ನಡದ ಕೀಲಿ ಎಲ್ಲಿ ಓದಬೇಕು

ಈಗ ನನ್ನ ಪೆಟ್ಟಿಗೆಗೆ ಮರಳುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತುವ ಲಿಪ್ಯಂತರ ವಿಧಾನದಲ್ಲಿ 'ಕನ್ನಡ' ಎಂದು ಬರೆಯಲು ಏಳು ಕೀಲಿ ಬೇಕು. ಮೊದಲ ಕೀಲಿಗೆ 'ಕ್', ಎರಡನೆಯದಕ್ಕೆ ಅದು 'ಕ' ಆಗಬೇಕು. ಅಂದರೆ ಹ್ಯಾಂಡ್ಲರ್ ಪ್ರತಿ ಸಲ ಹಿಂದಿನ ಅಕ್ಷರಗಳನ್ನು ಓದಿ, ನಿಯಮ ಹುಡುಕಿ, ಅಳಿಸಿ ಬರೆಯಬೇಕು. ಓದುವುದಕ್ಕೂ ಬರೆಯುವುದಕ್ಕೂ ಮತ್ತೆ ಗೇಟು. ಒಂದು ಕೀಲಿಗೆ ಸಾಮಾನ್ಯವಾಗಿ ನಾಲ್ಕು ಈವೆಂಟು ಹುಟ್ಟುತ್ತವೆ: ಕೀಡೌನ್, ಕೀಪ್ರೆಸ್, ಇನ್‌ಪುಟ್, ಕೀಅಪ್. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಳಕೆಯಾದ ವಿನ್ಯಾಸದಲ್ಲಿ ಅದೇ ಪದಕ್ಕೆ ಐದು ಕೀಲಿ ಸಾಕು. ಹೆಚ್ಚಿನ ಕೀಲಿಗಳು ಹಿಂದಿನದನ್ನು ಮತ್ತೆ ತಿದ್ದಿಸುವುದೂ ಇಲ್ಲ. ಆ ವಿನ್ಯಾಸ ಹುಟ್ಟಿದಾಗ ವೆಬ್ ಹ್ಯಾಂಡ್ಲರುಗಳ ಚಿಂತೆ ಯಾರಿಗೂ ಇರಲಿಲ್ಲ. ಆದರೂ ಗೇಟಿನ ಲೆಕ್ಕದಲ್ಲಿ ಅದೇ ಮಿತವ್ಯಯದ್ದು.

ನನ್ನ ತಪ್ಪು ಕೀಲಿಗಳ ಎಣಿಕೆಯಲ್ಲಿ ಇರಲಿಲ್ಲ. ಅಕ್ಷರದ ಲೆಕ್ಕ ತೋರಿಸಲು ನಾನು ಮ್ಯುಟೇಶನ್ ಈವೆಂಟನ್ನು ಬಳಸಿದ್ದೆ. ಒಂದು ಕೀಲಿ ಒತ್ತಿದರೆ ಅಳಿಸಿದ್ದಕ್ಕೊಂದು, ಬರೆದದ್ದಕ್ಕೊಂದು ಕರೆ. ಪ್ರತಿ ಕರೆಯಲ್ಲೂ ಇಡೀ ಬರಹವನ್ನು ಎಣಿಸಿ, ಪೆಟ್ಟಿಗೆಯ ಎತ್ತರವನ್ನು ಕೇಳುತ್ತಿದ್ದೆ. ಎತ್ತರ ಹೇಳಲು ಬ್ರೌಸರು ಸಾಲುಗಳನ್ನೆಲ್ಲ ಮತ್ತೆ ಜೋಡಿಸಬೇಕಿತ್ತು. ಬರಹ ಬೆಳೆದಂತೆ ಎಲ್ಲವೂ ಬೆಳೆಯಿತು. ಮೇಷ್ಟ್ರಿಗೆ ಎರಡನೇ ಪುಟದಲ್ಲಿ ಬೆರಳು ನಿಲ್ಲಿಸಬೇಕಾಗಿ ಬಂದದ್ದು ಅದಕ್ಕೆ. ತಿದ್ದಿದ್ದು ಹತ್ತಿಪ್ಪತ್ತು ಸಾಲು: ಆ ಈವೆಂಟನ್ನು ಕಿತ್ತೆ, ಕೀಲಿ ಒತ್ತಿದಾಗ ಅಕ್ಷರವನ್ನಷ್ಟೇ ಮೂಡಿಸಿದೆ, ಎಣಿಕೆ ಮತ್ತು ಎತ್ತರವನ್ನು ಬೆರಳು ಸ್ವಲ್ಪ ಬಿಡುವು ಕೊಟ್ಟಾಗ ಒಂದೇ ಸಲ ಮಾಡಿದೆ.

ಕನ್ನಡಕ್ಕೆ ನಾಲ್ಕನೆಯ ಉಪಾಯವೂ ಇತ್ತು: ಗೇಟನ್ನೇ ದಾಟದಿರುವುದು. 1998ರಲ್ಲಿ ಶೇಷಾದ್ರಿವಾಸು ತಂದ ಬರಹ, ನಂತರದ ನುಡಿ, ಲಿನಕ್ಸಿನ ಐಬಸ್‌ನಂಥ ವ್ಯವಸ್ಥೆಗಳು ಕೀಲಿಯನ್ನು ಪುಟದ ಸ್ಕ್ರಿಪ್ಟಿಗೆ ಬಿಡದೆ ಮೊದಲೇ ಓದಿ, ಸಿದ್ಧ ಅಕ್ಷರ ಕೊಡುತ್ತವೆ. ಬಾಸ್ ಲಿನಕ್ಸಿನಂಥ ಯೋಜನೆಗಳು ನಂಬಿದ್ದು ಈ ದಾರಿಯನ್ನು. ವೇಗದ ಲೆಕ್ಕದಲ್ಲಿ ಅದೇ ಸರಿ. ಆದರೆ ಸೈಬರ್ ಕೆಫೆಯಲ್ಲಿ, ಶಾಲೆಯ ಲ್ಯಾಬಿನಲ್ಲಿ ಕೂತವರಿಗೆ ಏನನ್ನೂ ಹಾಕಿಕೊಳ್ಳುವ ಅಧಿಕಾರವಿಲ್ಲ. ಅವರಿಗೆ ಕನ್ನಡ ಸಿಗಬೇಕಾದರೆ ಪುಟದೊಳಗೇ ಸಿಗಬೇಕು. ವಿಕಿಪೀಡಿಯ 2011ರಲ್ಲಿ ನಾರಾಯಂ ಎಂಬ ಸೌಲಭ್ಯವನ್ನು, 2013ರಲ್ಲಿ ಅದರ ಜಾಗದಲ್ಲಿ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರನ್ನು ತಂದದ್ದು ಇಂಥವರಿಗಾಗಿ. ಅದರೊಳಗಿನ ಜೆಕ್ವೆರಿ ಐಎಂಇ ಗೇಟು ದಾಟುತ್ತದೆ, ಆದರೆ ಕೈಯಲ್ಲಿ ಸ್ವಲ್ಪವೇ ಹೊತ್ತು: ಕರ್ಸರಿನ ಹಿಂದಿನ ಕೆಲವೇ ಅಕ್ಷರಗಳನ್ನು ನೋಡುತ್ತದೆ, ಇಡೀ ಬರಹವನ್ನಲ್ಲ.

ಹಾಗಾಗಿ ಗೇಟು ದಾಟುವುದೇ ತಪ್ಪು ಎನ್ನಲಾರೆ. ಎಷ್ಟೋ ಜನ ಕನ್ನಡ ಬರೆದದ್ದು ಆ ಖರ್ಚನ್ನು ಯಾರೋ ಒಪ್ಪಿಕೊಂಡಿದ್ದರಿಂದ. ಖರ್ಚು ಯಾರ ತಲೆಗೆ ಬೀಳುತ್ತದೆಂದು ನೋಡದಿರುವುದು ತಪ್ಪು. ಹೊಸ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುವವನಿಗೆ ಗೇಟು ಸದಾ ತೆಗೆದೇ ಇರುತ್ತದೆ. ಕಾಯುವವರು ಇನ್ನೊಂದು ಬದಿಯಲ್ಲಿರುತ್ತಾರೆ. ತಮ್ಮ ಬೆರಳೇ ನಿಧಾನವೆಂದು ಅಂದುಕೊಂಡು ಸುಮ್ಮನಿರುತ್ತಾರೆ.

ತಿದ್ದಿದ ಪೆಟ್ಟಿಗೆಯನ್ನು ಮೇಷ್ಟ್ರಿಗೆ ಕಳಿಸಿದ ವಾರದ ನಂತರ ಅವರ ಉತ್ತರ ಬಂತು. ಎರಡೂವರೆ ಪುಟ, ಅದೇ ಪೆಟ್ಟಿಗೆಯಲ್ಲಿ ಬರೆದದ್ದು. ಧನ್ಯವಾದ ಒಂದು ಸಾಲು. ಉಳಿದದ್ದೆಲ್ಲ ನನ್ನ ಹಿಂದಿನ ಕಾಗದದಲ್ಲಿದ್ದ ಕಾಗುಣಿತದ ತಪ್ಪುಗಳು.